ಬೀಗದ ಕೈ ಕೊಟ್ಟಾಯ್ತು, ಅಡ್ವಾನ್ಸ್ ಬರಲಿಲ್ಲ

ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮನೆ ಖಾಲಿ ಮಾಡಿದ್ದಾರೆ, ಅಡ್ವಾನ್ಸ್ ಪೂರ್ತಿ ವಾಪಸ್ ಬಂದಿಲ್ಲ. ಹಾಗಾಗಿ ಖಾತೆ, ಪಾಲು, ವಿಲ್ ಬಗ್ಗೆ ಕೇಳಿದವರು ಒಂದು ಸಂಚಿಕೆ ಕಾಯಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನಾವು ಬೆಂಗಳೂರಿನ ವಿಜಯನಗರದಲ್ಲಿ ಮೂರು ವರ್ಷ ಬಾಡಿಗೆಗಿದ್ದೆವು. 16,000ಕ್ಕೆ ಶುರುವಾದ ಬಾಡಿಗೆ ಕೊನೆಗೆ 18,000 ಆಗಿತ್ತು. ಹತ್ತು ತಿಂಗಳ ಅಡ್ವಾನ್ಸ್ 1,60,000 ಕೊಟ್ಟಿದ್ದೆವು. ಎರಡು ತಿಂಗಳು ಮೊದಲೇ ಹೇಳಿ ಖಾಲಿ ಮಾಡಿದೆವು. ಕೀ ಕೊಟ್ಟ ದಿನ ಓನರ್ ಅಂಕಲ್ ಕೂರಿಸಿ ಕಾಫಿ ಕೊಟ್ಟು, ಒಂದು ವಾರದಲ್ಲಿ ಹಾಕ್ತೀನಮ್ಮಾ ಅಂದರು. ಮೂರು ವಾರ ಆದ ಮೇಲೆ 1,05,000 ಮಾತ್ರ ಬಂತು. ಮಿಕ್ಕ 55,000ಕ್ಕೆ ವಾಟ್ಸಾಪ್‌ನಲ್ಲಿ ಲೆಕ್ಕ ಬಂತು: ಪೇಂಟಿಂಗ್ 18,000, ಗೋಡೆ ಮೊಳೆ ತೂತಿಗೆ 8,000, ಕ್ಲೀನಿಂಗ್ 7,000, ಗೀಸರ್ 4,500, ಕಿಟಕಿ ಸೊಳ್ಳೆ ಮೆಷ್ 5,500, ಬಾತ್‌ರೂಮ್ ಬಾಗಿಲು 12,000. ಮೆಷ್ ನಮ್ಮ ಬೆಕ್ಕು ಹರಿದದ್ದು ನಿಜ. ಬಾಗಿಲ ಕೆಳಗಡೆ ನಾವು ಬರುವಾಗಲೇ ಉಬ್ಬಿತ್ತು. ಬಿಲ್ ಕೇಳಿದರೆ ಫೋನ್ ಎತ್ತುವುದಿಲ್ಲ. ಅಗ್ರಿಮೆಂಟ್‌ನಲ್ಲಿ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಅಂತ ಬಿಟ್ಟರೆ ಬೇರೇನೂ ಬರೆದಿಲ್ಲ. ಏನು ಮಾಡಲಿ?

ಉತ್ತರ: ಆ ಕಾಫಿ ತುಂಬಾ ದುಬಾರಿ ಆಯ್ತಮ್ಮ. ಅವರ ಮನೆಯ ಕೀ ನಿಮ್ಮ ಕೈಯಲ್ಲಿ, ನಿಮ್ಮ ಹಣ ಅವರ ಕೈಯಲ್ಲಿ. ಮೂರು ವರ್ಷದಲ್ಲಿ ಆ ಅರ್ಧ ಗಂಟೆ ಮಾತ್ರ ನೀವಿಬ್ಬರೂ ಸರಿಸಮ. ಲೋಟ ಕೆಳಗಿಡುವಷ್ಟರಲ್ಲಿ ಕೀ ಆ ಕಡೆ ಹೋಯಿತು, ಹಣ ಈ ಕಡೆ ಬರಲಿಲ್ಲ. ಆಮೇಲೆ ಲೆಕ್ಕ ಬರೆಯುವವರು ಅವರು, ಓದಿ ಹೊಟ್ಟೆ ಉರಿದುಕೊಳ್ಳುವವರು ನೀವು. ನನಗೆ ಬರುವ ಹತ್ತು ತಕರಾರಿನಲ್ಲಿ ಒಂಬತ್ತು ಹೀಗೇ ಶುರುವಾಗುತ್ತವೆ.

ಕಾನೂನು ಏನು ಹೇಳುತ್ತದೆ ಅಂತ ನೋಡೋಣ. ಕರ್ನಾಟಕ ಬಾಡಿಗೆ ಕಾಯ್ದೆ 1999 ಅಂತ ಒಂದಿದೆ. ಆದರೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸುವುದೇ ಇಲ್ಲ. 3,500ಕ್ಕೆ ಇವತ್ತು ವಿಜಯನಗರದಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಹಾಗಾಗಿ ನಿಮಗೆ ಉಳಿಯುವುದು ಎರಡೇ, ನೀವು ಸಹಿ ಹಾಕಿದ ಅಗ್ರಿಮೆಂಟ್ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಹಳೆಯದು ಅಂತ ಮೂಗು ಮುರಿಯಬೇಡಿ. ಅದರ 108ನೇ ಕಲಂ ನಿಮ್ಮ ಪರವಾಗಿಯೇ ಇದೆ. ಬಾಡಿಗೆಗೆ ಬಂದಾಗ ಮನೆ ಹೇಗಿತ್ತೋ ಹಾಗೇ ಒಪ್ಪಿಸಬೇಕು, ಆದರೆ ಬಳಕೆಯಿಂದ ಸಹಜವಾಗಿ ಆಗುವ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಅನ್ನುತ್ತದೆ. ಒಂದು ಮನೆಯಲ್ಲಿ ಮೂರು ವರ್ಷ ಮನುಷ್ಯರು ಬದುಕಿದರೆ ಸ್ವಿಚ್ ಸುತ್ತ ಕೈಕಲೆ ಬೀಳುತ್ತದೆ, ಒಲೆ ಹಿಂದಿನ ಗೋಡೆ ಮಂಕಾಗುತ್ತದೆ, ಒದ್ದೆ ಬಟ್ಟೆ ಹಾಕಿದ ಕಡೆ ಬಣ್ಣ ಏಳುತ್ತದೆ. ಇದಕ್ಕೆಲ್ಲ ತಿಂಗಳು ತಿಂಗಳು ಬಾಡಿಗೆ ಕೊಟ್ಟಿದ್ದೀರಿ. ಒಂದು ಎಚ್ಚರಿಕೆ ಏನಂದರೆ, ಅಗ್ರಿಮೆಂಟ್‌ನಲ್ಲಿ ಬೇರೆ ರೀತಿ ಬರೆದು ಇಬ್ಬರೂ ಒಪ್ಪಿದ್ದರೆ ಆ ಬರಹವೇ ಮೇಲು.

ಈಗ ನಿಮ್ಮ ಓನರ್ ಕಳಿಸಿದ ಪಟ್ಟಿಗೆ ಬರೋಣ. ಪೇಂಟಿಂಗ್ 18,000 ಬಿಟ್ಟುಬಿಡಿ. ಸಹಿ ಹಾಕಿದ್ದೀರಿ, ಬೆಂಗಳೂರಿನಲ್ಲಿ ಅದು ನಡೆದುಬಂದ ರೂಢಿ. ಒಂದು ತಿಂಗಳ ಬಾಡಿಗೆ ಅಂತಷ್ಟೇ ಬರೆದು ಯಾವಾಗಿನ ಬಾಡಿಗೆ ಅಂತ ಬರೆಯದಿದ್ದರೆ ಕೊನೆಯ ಬಾಡಿಗೆ ಅಂತಲೇ ಎಲ್ಲರೂ ಹಿಡಿಯುತ್ತಾರೆ. ಆದರೆ ಪೇಂಟಿಂಗ್‌ಗೆ ದುಡ್ಡು ಹಿಡಿದ ಮೇಲೆ ಮೊಳೆ ತೂತಿಗೆ ಬೇರೆ 8,000 ಯಾಕೆ? ಪೇಂಟರ್ ಪುಟ್ಟಿ ಹಾಕಿ ತೂತು ಮುಚ್ಚದೆ ಬಣ್ಣ ಬಳಿಯುತ್ತಾನಾ? ಒಂದೇ ಗೋಡೆಗೆ ಎರಡು ಸಲ ವಸೂಲಿ ಅದು, ಒಪ್ಪಬೇಡಿ. ಗೀಸರ್ ಕಾಯಿಲ್ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಹೋಗುತ್ತದೆ, ಅದು ನೀವು ಇದ್ದರೂ ಹೋಗುತ್ತಿತ್ತು, ಅವರೇ ಇದ್ದಿದ್ದರೂ ಹೋಗುತ್ತಿತ್ತು. ಕ್ಲೀನಿಂಗ್ ಬಗ್ಗೆ ಅಗ್ರಿಮೆಂಟ್‌ನಲ್ಲಿ ಇಲ್ಲ ಅಂತೀರಿ. ಗುಡಿಸಿ ಒರೆಸಿ ಬಿಟ್ಟಿದ್ದರೆ ಅಲ್ಲಿಗೆ ಮುಗಿಯಿತು. ಅಡುಗೆಮನೆ ಎಣ್ಣೆ ಜಿಡ್ಡು, ಹಳೇ ಪೇಪರ್ ಮೂಟೆ ಎಲ್ಲ ಬಿಟ್ಟು ಬಂದಿದ್ದರೆ ಮಾತ್ರ ಅವರ ಕೋಪದಲ್ಲಿ ಸ್ವಲ್ಪ ಅರ್ಥ ಇದೆ, ಆದರೂ ಬಿಲ್ ತೋರಿಸಲಿ. ಮೆಷ್ ನಿಮ್ಮ ಬೆಕ್ಕಿನ ಕೆಲಸ, ಕೊಡಿ. ಬೆಕ್ಕಿನ ವಿಷಯ ಮುಚ್ಚಿಡದೆ ಬರೆದದ್ದು ನನಗೆ ಇಷ್ಟವಾಯಿತು.

ಬಾಗಿಲಿನದೇ ಕಷ್ಟ. ಬರುವಾಗಲೇ ಉಬ್ಬಿತ್ತು ಅಂತೀರಿ, ಅವರು ಇಲ್ಲ ಅಂತಾರೆ. ಯಾರ ಹತ್ತಿರವೂ ಫೋಟೋ ಇಲ್ಲ. ಹೊಸ ಮನೆಗೆ ಬಂದ ದಿನ ನಾವು ಹಾಲುಕ್ಕಿಸುವುದರ ಫೋಟೋ ತೆಗೆಯುತ್ತೇವೆ, ರಂಗೋಲಿಯದ್ದು ತೆಗೆಯುತ್ತೇವೆ, ಅತ್ತೆ ಮಾವನ ಜೊತೆ ನಿಂತು ತೆಗೆಯುತ್ತೇವೆ. ಬಾತ್‌ರೂಮ್ ಬಾಗಿಲ ಕೆಳಗೆ ಬಗ್ಗಿ ಒಂದು ಫೋಟೋ ಯಾರೂ ತೆಗೆಯುವುದಿಲ್ಲ. ಹಳೆಯ ಫೋನ್ ಹುಡುಕಿ ನೋಡಿ, ಮಗುವಿನ ಸ್ನಾನದ ಫೋಟೋದಲ್ಲೋ ಎಲ್ಲೋ ಹಿಂದೆ ಆ ಬಾಗಿಲು ಸಿಗಬಹುದು. ತಮಾಷೆ ಮಾಡುತ್ತಿಲ್ಲ, ನನ್ನ ಕಕ್ಷಿದಾರರೊಬ್ಬರಿಗೆ ಹಾಗೇ ಸಿಕ್ಕಿತ್ತು. ಫೋಟೋ ಸಿಗದಿದ್ದರೂ ಪ್ಲೈವುಡ್ ಬಾಗಿಲು ನೀರು ಕುಡಿದು ಉಬ್ಬುವುದು ಸವೆತವೇ ಅನ್ನುವ ವಾದ ಗಟ್ಟಿಯಾಗಿದೆ. ಹಳೇ ಬಾಗಿಲಿಗೆ ಹೊಸ ಬಾಗಿಲಿನ ಪೂರ್ತಿ ಬೆಲೆ ಕೇಳುವುದಂತೂ ಯಾವ ಲೆಕ್ಕದಲ್ಲೂ ಸರಿಯಲ್ಲ.

ಅಲ್ಲಿಗೆ 23,500 ಅವರದ್ದು, 31,500 ನಿಮ್ಮದು. ಅವರು ಕಳಿಸಿದ ವಾಟ್ಸಾಪ್ ಲೆಕ್ಕವನ್ನು ಅಳಿಸಬೇಡಿ. ಅದು ನಿಮ್ಮ ಕೈಗೆ ಸಿಕ್ಕ ಒಳ್ಳೆಯ ಸಾಕ್ಷಿ. 1,60,000 ತೆಗೆದುಕೊಂಡಿದ್ದೆ, ಇಷ್ಟು ಹಿಡಿದಿದ್ದೇನೆ ಅಂತ ಅವರೇ ಬರೆದು ಒಪ್ಪಿಕೊಂಡ ಹಾಗಾಯಿತು. ಕೋರ್ಟಿಗೆ ಹೋಗುವುದಾದರೆ ಅದರ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಒಂದು ಪ್ರಮಾಣಪತ್ರ ಕೊಡಬೇಕು, ವಕೀಲರು ಮಾಡಿಕೊಡುತ್ತಾರೆ.

ಮೊದಲು ನೀವೇ ಒಂದು ಪತ್ರ ಬರೆಯಿರಿ. ಬೈಗುಳ ಬೇಡ, ಅಂಕಲ್ ಅಂತಲೇ ಬರೆಯಿರಿ. ಇದಿದು ಒಪ್ಪುತ್ತೇನೆ, ಇದಿದು ಒಪ್ಪುವುದಿಲ್ಲ, 15 ದಿನದಲ್ಲಿ 31,500 ಕೊಡಿ, ಇಲ್ಲದಿದ್ದರೆ ಬಡ್ಡಿ ಸಮೇತ ಕೇಳಬೇಕಾಗುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಬಗ್ಗದಿದ್ದರೆ ವಕೀಲರ ನೋಟಿಸ್. ಅದಕ್ಕೂ ಬಗ್ಗದಿದ್ದರೆ ನೇರ ಕೋರ್ಟಿಗೆ ಓಡಬೇಡಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ಇಬ್ಬರನ್ನೂ ಕರೆಸಿ ಅಂತ ಅರ್ಜಿ ಕೊಡಿ. ಅಲ್ಲಿ ಕೋರ್ಟ್ ಶುಲ್ಕ ಇಲ್ಲ. ರಾಜಿಯಾದರೆ ಅದಕ್ಕೆ ಕೋರ್ಟ್ ಡಿಕ್ರಿಯಷ್ಟೇ ಬಲ, ಮೇಲ್ಮನವಿಯೂ ಇಲ್ಲ. ಅವರು ಒಪ್ಪದಿದ್ದರೆ ಮಾತ್ರ ಅದಾಲತ್ ಬಲವಂತ ಮಾಡುವ ಹಾಗಿಲ್ಲ. ನೀವು ಹೆಂಗಸರಾದ್ದರಿಂದ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಹಕ್ಕಿದೆ, 15100ಕ್ಕೆ ಫೋನ್ ಮಾಡಿ ಕೇಳಬಹುದು. ಕೋರ್ಟಿನ ದಾರಿ ಮೂರು ವರ್ಷ ತೆರೆದಿರುತ್ತದೆ, ಆತುರ ಇಲ್ಲ. ಪೊಲೀಸ್ ಸ್ಟೇಷನ್‌ಗೆ ಹೋದರೆ ಇದು ಸಿವಿಲ್ ಮ್ಯಾಟರ್ ಅಂತ ವಾಪಸ್ ಕಳಿಸುತ್ತಾರೆ, ಅವರು ಹೇಳುವುದೂ ಸರಿಯೇ.

ಪ್ರಶ್ನೆ: ಮನೆ ಬಾಡಿಗೆಗೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಳ್ಳುವ ಹಾಗಿಲ್ಲ ಅಂತ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಮೆಸೇಜ್ ಬಂದಿದೆ. ನಮ್ಮ ಓನರ್ ಆರು ತಿಂಗಳದ್ದು ತೆಗೆದುಕೊಂಡಿದ್ದಾರೆ. ನಾಲ್ಕು ತಿಂಗಳದ್ದು ವಾಪಸ್ ಕೇಳಬಹುದಾ? – ಓದುಗರೊಬ್ಬರು, ಯಲಹಂಕ

ಉತ್ತರ: ಕೇಳಬಹುದು, ಅವರು ನಗಬಹುದು. ಆ ಮೆಸೇಜ್‌ಗೆ ಮೂಲ ಇದೆ. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳು, ಅಂಗಡಿ ಆಫೀಸಿಗೆ ಆರು ತಿಂಗಳು, ಅದಕ್ಕಿಂತ ಜಾಸ್ತಿ ಠೇವಣಿ ಬೇಡ ಅಂತ ಅದರಲ್ಲಿದೆ. ಆದರೆ ಹೆಸರೇ ಹೇಳುವ ಹಾಗೆ ಅದು ಮಾದರಿ. ಪ್ರತಿ ರಾಜ್ಯವೂ ತನ್ನ ಕಾನೂನಾಗಿ ಮಾಡಿಕೊಂಡರೆ ಮಾತ್ರ ಜೀವ ಬರುತ್ತದೆ. ಕರ್ನಾಟಕ ಮಾಡಿಕೊಂಡಿಲ್ಲ. ಪಕ್ಕದ ತಮಿಳುನಾಡು ತನ್ನದೇ 2017ರ ಕಾಯ್ದೆಯಲ್ಲಿ ಮೂರು ತಿಂಗಳಿನ ಮಾತು ಆಡಿದೆ. ನಮ್ಮಲ್ಲಿ ಹತ್ತು ತಿಂಗಳ ರೂಢಿ ಕೆಲವು ಕಡೆ ಆರಕ್ಕೆ, ಐದಕ್ಕೆ ಇಳಿದಿರುವುದು ಕಾನೂನಿನಿಂದ ಅಲ್ಲ, ಮನೆ ಖಾಲಿ ಬಿದ್ದಿದ್ದರಿಂದ.

ಪ್ರಶ್ನೆ: ನಾನು ಮೈಸೂರಿನಲ್ಲಿ ನಿವೃತ್ತ ಶಿಕ್ಷಕಿ. ಮೇಲಿನ ಮನೆ 9,000ಕ್ಕೆ ಬಾಡಿಗೆಗೆ ಕೊಟ್ಟಿದ್ದೆ, ಅಡ್ವಾನ್ಸ್ 30,000. ಹುಡುಗ ನಾಲ್ಕು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಆಂಟಿ ಅಂತಿದ್ದ. ಈಗ ಬೀಗ ಹಾಕಿಕೊಂಡು ಹೋಗಿದ್ದಾನೆ, ಫೋನ್ ಸ್ವಿಚ್ ಆಫ್. ಸಾಮಾನು ಒಳಗೇ ಇದೆ. ಬೀಗ ಒಡೆದು ಸಾಮಾನು ಹೊರಗಿಟ್ಟು ಬೇರೆಯವರಿಗೆ ಕೊಡಬಹುದಾ? ಯಾವಾಗಲೂ ಬಾಡಿಗೆದಾರರ ಕಷ್ಟವನ್ನೇ ಬರೆಯುತ್ತೀರಿ, ನಮ್ಮದನ್ನೂ ಬರೆಯಿರಿ.

ಉತ್ತರ: ಬರೆಯುತ್ತೇನೆ ಟೀಚರ್. ನಿಮ್ಮ ಕೇಸಿನಲ್ಲಿ ತಕ್ಕಡಿ ಉಲ್ಟಾ ಆಗಿದೆ. ಕೀ ಅವನ ಹತ್ತಿರ ಇದೆ, ನಿಮ್ಮ ಕೈಯಲ್ಲಿರುವ ದುಡ್ಡು ಆಗಲೇ ಮುಗಿದಿದೆ. ನಾಲ್ಕು ತಿಂಗಳಿಗೆ 36,000 ಆಯಿತು, ನಿಮ್ಮ ಹತ್ತಿರ ಇರುವುದು 30,000. ಇನ್ನು ಅವನಿಗೆ ವಾಪಸ್ ಬರಲು ಏನಿದೆ ಕಾರಣ?

ಆದರೂ ಬೀಗ ಮುಟ್ಟಬೇಡಿ. ಕೋಪ ಬರುತ್ತದೆ, ನಿಮ್ಮದೇ ಮನೆ, ನಿಮ್ಮದೇ ಮೆಟ್ಟಿಲು, ಆದರೂ ಕಾನೂನಿನ ಕಣ್ಣಲ್ಲಿ ಆ ಮನೆಯ ಸ್ವಾಧೀನ ಇನ್ನೂ ಅವನದ್ದೇ. ಒಡೆದಿರೋ, ಬೀರುವಿನಲ್ಲಿ ಅಮ್ಮನ ಹತ್ತು ತೊಲ ಚಿನ್ನ ಇತ್ತು ಅಂತ ಅವನು ಬಂದು ನಿಂತರೆ ಇಲ್ಲ ಅಂತ ಹೇಗೆ ತೋರಿಸುತ್ತೀರಿ? ಜೊತೆಗೆ, ಕಾನೂನಿನ ದಾರಿ ಬಿಟ್ಟು ಹೊರಹಾಕಿಸಿಕೊಂಡವರು ಆರು ತಿಂಗಳೊಳಗೆ ಕೋರ್ಟಿಗೆ ಹೋಗಿ ಮನೆ ಮತ್ತೆ ತಮ್ಮ ಸ್ವಾಧೀನಕ್ಕೆ ಕೊಡಿಸಿ ಅಂತ ಕೇಳಬಹುದು, ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಂ. ಆಗ ಮನೆ ಯಾರದ್ದು ಅನ್ನುವ ಪ್ರಶ್ನೆಯನ್ನೇ ಕೋರ್ಟ್ ಕೇಳುವುದಿಲ್ಲ.

ಅಗ್ರಿಮೆಂಟ್‌ನಲ್ಲಿ ಅವನ ಊರಿನ ವಿಳಾಸ ಇರುತ್ತದೆ, ಆಧಾರ್ ಪ್ರತಿ ತೆಗೆದುಕೊಂಡಿರುತ್ತೀರಿ. ಆ ವಿಳಾಸಕ್ಕೂ ಕೆಲಸ ಮಾಡುವ ಕಡೆಗೂ ನೋಟಿಸ್ ಕಳಿಸಿ, ಬಾಡಿಗೆ ಬಾಕಿ ಇಷ್ಟು, ಬಾಡಿಗೆ ಮುಗಿಸುತ್ತಿದ್ದೇನೆ, 15 ದಿನದಲ್ಲಿ ಖಾಲಿ ಮಾಡಿ ಅಂತ. ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಸಾಕು, ಅಗ್ರಿಮೆಂಟ್‌ನಲ್ಲಿ ಬೇರೆ ಅವಧಿ ಇದ್ದರೆ ಅಷ್ಟು. ಹತ್ತಿರದ ಠಾಣೆಗೆ ಒಂದು ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಹುಡುಗ ಕಾಣುತ್ತಿಲ್ಲ, ಮನೆಗೆ ಬೀಗ ಇದೆ ಅಂತಷ್ಟೇ. ಅವರ ಮನೆಯವರು ಯಾರಾದರೂ ಸಿಕ್ಕಿ ಸಾಮಾನು ತೆಗೆದುಕೊಂಡು ಹೋದರೆ, ಮನೆ ಒಪ್ಪಿಸಿದ್ದೇನೆ ಅಂತ ಅವನ ಕೈಯಲ್ಲೇ ಎರಡು ಸಾಲು ಬರೆಸಿಕೊಳ್ಳಿ. ಯಾರೂ ಬರದಿದ್ದರೆ ಕೋರ್ಟಿನ ಆದೇಶ ತಂದೇ ಬಾಗಿಲು ತೆರೆಯಬೇಕು. ತಡ ಆಗುತ್ತದೆ, ಸುಳ್ಳು ಹೇಳಿ ಸಮಾಧಾನ ಮಾಡಲಾರೆ.

ಇನ್ನು ಮುಂದೆ, ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಿ ಅಂತ ಮೊದಲ ಸಲ ಕೇಳಿದ ತಿಂಗಳೇ ನೋಟಿಸ್ ಕೊಡಿ. ಅಡ್ವಾನ್ಸ್ ಇರುವುದು ಕೊನೆಯ ಲೆಕ್ಕಕ್ಕೆ, ಬಾಡಿಗೆ ಕಟ್ಟುವುದಕ್ಕಲ್ಲ. ಬಾಡಿಗೆದಾರ ತಾನಾಗೇ ತೀರ್ಮಾನ ಮಾಡಿ ಬಾಡಿಗೆ ನಿಲ್ಲಿಸುವ ಹಾಗಿಲ್ಲ, ನೀವು ಒಪ್ಪಬೇಕು. ನೀವು ಮೂರು ಸಲ ಆಯ್ತಪ್ಪ ಅಂದಿರಿ ಅಂತ ನನ್ನ ಊಹೆ.

ಪ್ರಶ್ನೆ: ಪುಣೆಯಲ್ಲಿ ಕೆಲಸ ಸಿಕ್ಕಿತು, ಏಳು ತಿಂಗಳಿಗೇ ಮನೆ ಬಿಟ್ಟೆ. ಅಗ್ರಿಮೆಂಟ್‌ನಲ್ಲಿ 11 ತಿಂಗಳು ಲಾಕ್-ಇನ್, ಮುರಿದರೆ ಪೂರ್ತಿ ಅಡ್ವಾನ್ಸ್ ಮುಟ್ಟುಗೋಲು ಅಂತ ಇದೆ. 1,20,000 ಅಡ್ವಾನ್ಸ್, ಬಾಡಿಗೆ 20,000. ಒಂದು ಪೈಸೆ ಕೊಡಲ್ಲ ಅಂತಿದ್ದಾರೆ. ಆದರೆ ನಾನು ಬಿಟ್ಟ ಮೂರೇ ವಾರಕ್ಕೆ ಬೇರೆಯವರು ಬಂದಿದ್ದಾರೆ. – ಬೆಳ್ಳಂದೂರಿನಲ್ಲಿದ್ದವರು

ಉತ್ತರ: ಆ ಕೊನೆಯ ಸಾಲೇ ನಿಮ್ಮನ್ನು ಕಾಪಾಡುವುದು. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರು ಮುರಿದರೆ ಇಷ್ಟು ದಂಡ ಅಂತ ಬರೆದಿದ್ದರೂ ಅದು ಗರಿಷ್ಠ ಮಿತಿ ಮಾತ್ರ, ಕೊಡಬೇಕಾದದ್ದು ನ್ಯಾಯವಾದ ಪರಿಹಾರ. ಅವರ ಮನೆ ಮೂರು ವಾರ ಖಾಲಿ ಇತ್ತು, ಬ್ರೋಕರ್‌ಗೆ ಏನಾದರೂ ಕೊಟ್ಟಿರಬಹುದು. ಒಂದೂವರೆ ತಿಂಗಳ ಬಾಡಿಗೆ ಬಿಡುತ್ತೇನೆ, ಮಿಕ್ಕ 90,000 ಕೊಡಿ ಅಂತ ನಿಲ್ಲಿ.

ಮುಂದೆ ನಡುವೆ ಬಿಡಬೇಕಾಗಿ ಬಂದರೆ ತಿಂಗಳು ನೋಡಿಕೊಂಡು ಬಿಡಿ. ಆಷಾಢದಲ್ಲೋ ಧನುರ್ಮಾಸದಲ್ಲೋ ಬಿಟ್ಟರೆ ಯಾರೂ ಹಾಲುಕ್ಕಿಸಲು ಬರಲ್ಲ, ಮನೆ ಎರಡು ತಿಂಗಳು ಖಾಲಿ ಬಿತ್ತು ಅಂತ ಓನರ್ ಹೇಳುತ್ತಾರೆ, ಆಗ ಅವರ ಮಾತಿನಲ್ಲಿ ನಿಜ ಇರುತ್ತದೆ. ಐಟಿ ಕಂಪನಿ ಇರುವ ಕಡೆ ಇದು ಈಗ ಅಷ್ಟಿಲ್ಲ. ಬಸವನಗುಡಿ, ಮಲ್ಲೇಶ್ವರದ ಕಡೆ ಇನ್ನೂ ಚೆನ್ನಾಗಿಯೇ ಇದೆ.

ಪ್ರಶ್ನೆ: ನಾವು ಬಾಡಿಗೆಗಲ್ಲ, ಲೀಸಿಗೆ ಇದ್ದೇವೆ. 12 ಲಕ್ಷ ಕೊಟ್ಟು ಮೂರು ವರ್ಷಕ್ಕೆ. ಅವಧಿ ಮುಗಿದಿದೆ. ಮುಂದಿನ ಲೀಸ್‌ನವರು ಬಂದು ಹಣ ಕೊಟ್ಟರೆ ಅದನ್ನೇ ನಿಮಗೆ ಕೊಡ್ತೀನಿ, ಅಲ್ಲಿವರೆಗೆ ಸುಮ್ನೆ ಇರಿ, ಇಲ್ಲಾ ಮನೆ ತೋರಿಸೋಕೆ ಅನುಕೂಲ ಆಗೋ ಹಾಗೆ ಖಾಲಿ ಮಾಡಿ ಅಂತಿದ್ದಾರೆ. ಮಗಳ ಮದುವೆ ಇದೆ. 100 ರೂಪಾಯಿ ಛಾಪಾಕಾಗದದಲ್ಲಿ ಬರೆದಿದ್ದೇವೆ, ರಿಜಿಸ್ಟರ್ ಮಾಡಿಸಿಲ್ಲ. 4 ಲಕ್ಷ ನಗದು ಕೊಟ್ಟಿದ್ದೆವು, ಮಿಕ್ಕಿದ್ದು ಬ್ಯಾಂಕಿನಿಂದ. – ಲಗ್ಗೆರೆಯಿಂದ ಒಬ್ಬರು

ಉತ್ತರ: ಖಾಲಿ ಮಾಡಬೇಡಿ. ಇದನ್ನು ಮೊದಲು ಹೇಳಿ ಆಮೇಲೆ ಮಿಕ್ಕಿದ್ದು ಹೇಳುತ್ತೇನೆ. ಬಾಡಿಗೆ ಮನೆಯಲ್ಲಿ ಹಣ ಬರಲಿ ಅಂತ ಕೀ ಹಿಡಿದು ಕೂತರೆ ಬಾಡಿಗೆ ಏರುತ್ತಾ ಹೋಗುತ್ತದೆ, ಅಡ್ವಾನ್ಸ್ ಕರಗುತ್ತದೆ, ಅದಕ್ಕೆ ಅಲ್ಲಿ ನಾನು ಕೂರಿ ಅನ್ನುವುದಿಲ್ಲ. ಲೀಸಿನಲ್ಲಿ ನಿಮಗೆ ತಿಂಗಳ ಬಾಡಿಗೆ ಇಲ್ಲ. ಅವರು ಹಣ ಕೊಡುವವರೆಗೆ ನೀವು ಒಳಗೇ ಇರುವುದು ನಿಮ್ಮ ದೊಡ್ಡ ಬಲ. ಆ ಕೀ ಬೆಲೆ 12 ಲಕ್ಷ.

ನಮ್ಮ ಹಿರಿಯರು ಇದನ್ನು ಭೋಗ್ಯ ಅನ್ನುತ್ತಿದ್ದರು. ಸಾಲ ಕೊಟ್ಟವನು ಬಡ್ಡಿಯ ಬದಲು ಮನೆಯನ್ನೋ ಗದ್ದೆಯನ್ನೋ ಅನುಭವಿಸುತ್ತಾನೆ, ಹಣ ವಾಪಸ್ ಬಂದ ದಿನ ಬಿಟ್ಟುಕೊಡುತ್ತಾನೆ. ಆಸ್ತಿ ವರ್ಗಾವಣೆ ಕಾಯ್ದೆಯ 58ನೇ ಕಲಮಿನಲ್ಲಿ ಇದು ಒಂದು ಬಗೆಯ ಅಡಮಾನ, ಹಣ ತೀರುವವರೆಗೆ ಸ್ವಾಧೀನ ಇಟ್ಟುಕೊಳ್ಳುವ ಹಕ್ಕು ಅದರಲ್ಲೇ ಬರುತ್ತದೆ. ಆದರೆ ಅಡಮಾನ ಅಂತ ಕೋರ್ಟ್ ಒಪ್ಪಬೇಕಾದರೆ ರಿಜಿಸ್ಟರ್ ಆಗಿರಬೇಕು. ನಿಮ್ಮದು ಆಗಿಲ್ಲ. ಮೂರು ವರ್ಷದ ಲೀಸ್ ಅಂತ ನೋಡಿದರೂ ರಿಜಿಸ್ಟರ್ ಆಗಬೇಕಿತ್ತು, ಒಂದು ವರ್ಷ ದಾಟಿದ್ದಕ್ಕೆಲ್ಲ ಅದು ಕಡ್ಡಾಯ. ಊರೆಲ್ಲ 11 ತಿಂಗಳ ಅಗ್ರಿಮೆಂಟ್ ಬರೆಯುವುದು ಇದೇ ಕಾರಣಕ್ಕೆ. ಜೊತೆಗೆ 100 ರೂಪಾಯಿಯ ಛಾಪಾಕಾಗದ ನಿಮ್ಮ ವ್ಯವಹಾರಕ್ಕೆ ಏನೂ ಸಾಲದು. ಆ ಪತ್ರವನ್ನು ಕೋರ್ಟಿಗೆ ಹಾಜರು ಮಾಡಿದರೆ ಕಡಿಮೆ ಬಿದ್ದ ಮುದ್ರಾಂಕ ಶುಲ್ಕ, ಅದರ ಮೇಲೆ ಹತ್ತು ಪಟ್ಟು ದಂಡ ಕಟ್ಟಿ ಅನ್ನಬಹುದು. ಹೆದರಿಸುತ್ತಿಲ್ಲ. ಪತ್ರ ದುರ್ಬಲವಾದರೂ ಬ್ಯಾಂಕಿನಿಂದ ಹೋದ 8 ಲಕ್ಷಕ್ಕೆ ದಾಖಲೆ ಇದೆ, ಆ ಸಾಲ ಎಲ್ಲೂ ಓಡಿ ಹೋಗುವುದಿಲ್ಲ. ನಗದು 4 ಲಕ್ಷದ್ದೇ ಚಿಂತೆ. ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವುದಕ್ಕೆ ಆದಾಯ ತೆರಿಗೆ ಕಾನೂನಿನಲ್ಲಿ ನಿಷೇಧ ಇದೆ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ. ಹಾಗಾಗಿ ನಿಮ್ಮ ಓನರ್ ಕೂಡ ಕೋರ್ಟಿನಲ್ಲಿ ಆ 4 ಲಕ್ಷದ ಮಾತು ಎತ್ತಲು ಇಷ್ಟಪಡುವುದಿಲ್ಲ. ಪತ್ರದಲ್ಲಿ 12 ಲಕ್ಷ ಮುಟ್ಟಿದೆ ಅಂತ ಅವರು ಸಹಿ ಹಾಕಿದ್ದಾರಾ, ಮೊದಲು ನೋಡಿ.

ಮುಂದಿನವರು ಬಂದ ಮೇಲೆ ಕೊಡುತ್ತೇನೆ ಅನ್ನುವುದು ಬೆಂಗಳೂರಿನ ಅರ್ಧ ಲೀಸ್ ಮನೆಗಳ ಕಥೆ. ಓನರ್ ಆ ಹಣವನ್ನು ಮನೆ ಕಟ್ಟಿದ ಸಾಲಕ್ಕೋ ಇನ್ನೊಂದು ಸೈಟಿಗೋ ಆಗಲೇ ಹಾಕಿರುತ್ತಾರೆ, ಅವರ ಹತ್ತಿರ ನಿಜವಾಗಿಯೂ ಇರುವುದಿಲ್ಲ. ಒಬ್ಬರ ಹಣದಿಂದ ಇನ್ನೊಬ್ಬರಿಗೆ ಕೊಡುತ್ತಾ ಸಾಗುವ ರೈಲು ಅದು. ನೀವು ಈ ಮೂರು ಕೆಲಸ ಮಾಡಿ. ಹಣ ಕೊಡುವ ದಿನ ಹಾಕಿ ಬರೆಸಿಕೊಳ್ಳಿ, ಬಾಯಿಮಾತು ಬೇಡ. ಮುಂದಿನ ತಾರೀಖಿನ ಚೆಕ್ ಕೊಟ್ಟರೆ ಪಡೆಯಿರಿ, ಚೆಕ್ ಬೌನ್ಸ್ ಆದರೆ ಮೂವತ್ತು ದಿನದೊಳಗೆ ನೋಟಿಸ್ ಕೊಟ್ಟು, ನೋಟಿಸ್ ಮುಟ್ಟಿ ಹದಿನೈದು ದಿನ ಕಾದು, ಆಮೇಲೆ ಒಂದು ತಿಂಗಳೊಳಗೆ ಕ್ರಿಮಿನಲ್ ದೂರು ಹಾಕಬಹುದು. ದಿನ ಒಂದೂ ತಪ್ಪಬಾರದು. ಹೊಸಬರು ಸಿಕ್ಕರೆ ಅವರ ಹಣ ಓನರ್ ಖಾತೆಗೆ ಹೋಗಿ, ಅಲ್ಲಿಂದ ನಿಮ್ಮ ಖಾತೆಗೆ ಬಂದು, ನೀವು ಅದನ್ನು ಫೋನಿನಲ್ಲಿ ನೋಡಿ, ಆಮೇಲೆ ಅದೇ ಜಾಗದಲ್ಲಿ ಕೀ ಕೊಡಿ. ಎಲ್ಲ ಒಂದೇ ದಿನ, ಒಂದೇ ಹಾಲ್‌ನಲ್ಲಿ. ಮನೆ ತೋರಿಸಲು ಅಡ್ಡಿ ಮಾಡಬೇಡಿ, ಭಾನುವಾರ ಹತ್ತರಿಂದ ಹನ್ನೆರಡು ಬನ್ನಿ ಅಂತ ನೀವೇ ಹೇಳಿ. ಮದುವೆ ತಾರೀಖು ಮಾತ್ರ ಅವರಿಗೆ ಹೇಳಬೇಡಿ, ನಿಮಗೆ ಆತುರ ಇದೆ ಅಂತ ಗೊತ್ತಾದರೆ 11 ಲಕ್ಷಕ್ಕೆ ಮುಗಿಸಿಬಿಡೋಣ ಅಂತ ಶುರು ಮಾಡುತ್ತಾರೆ.

ಇದನ್ನು ಓದುತ್ತಿರುವ ಬೇರೆಯವರಿಗೂ ಒಂದು ಮಾತು. ಲೀಸಿಗೆ ಹೋಗುವ ಮೊದಲು ಹಣ ತೆಗೆದುಕೊಳ್ಳುವವರೇ ಮಾಲೀಕರಾ ಅಂತ ಮನೆಯ ಖಾತೆ, ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ ನೋಡಿ. ಮಧ್ಯದವರು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟಿಕೊಂಡು, ನಿಮ್ಮಿಂದ ಲಕ್ಷಗಟ್ಟಲೆ ಲೀಸ್ ಹಣ ಪಡೆದು, ಒಂದು ದಿನ ಮಾಯವಾದ ಪ್ರಕರಣಗಳು ಬೆಂಗಳೂರಿನಲ್ಲಿ ಎಷ್ಟೋ ಆಗಿವೆ. ಆಗ ಮಾಲೀಕರು ಬಂದು ನೀವು ಯಾರು ಅಂತ ಕೇಳುತ್ತಾರೆ, ಅವರದ್ದೂ ತಪ್ಪಿರುವುದಿಲ್ಲ.

ಪ್ರಶ್ನೆ: ನಾವಿರುವ ಮನೆ ಮಾರಾಟವಾಗಿದೆ. ಹೊಸ ಓನರ್ ಬಾಡಿಗೆ ನನಗೇ ಕೊಡಿ ಅಂತಾರೆ, ಅಡ್ವಾನ್ಸ್ ಕೇಳಿದರೆ ನನಗೆ ಬಂದಿಲ್ಲ, ಹಳಬರನ್ನು ಕೇಳಿ ಅಂತಾರೆ. ಹಳಬರು ಹೊಸಬರನ್ನು ಕೇಳಿ ಅಂತಾರೆ.

ಉತ್ತರ: ಮಾರಿದ ಮಾತ್ರಕ್ಕೆ ಹಳಬರ ಹೊಣೆ ಹೋಗುವುದಿಲ್ಲ, ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಮಿನಲ್ಲಿ ಅಷ್ಟು ಸ್ಪಷ್ಟವಾಗಿದೆ. ಆದರೆ ಕಲಂ ಹಿಡಿದು ಓಡಾಡುವ ಮೊದಲು, ಹೊಸಬರಿಗೆ ಮೊದಲ ಬಾಡಿಗೆ ಕೊಡುವ ಮೊದಲೇ ಒಂದು ಪತ್ರ ಕೇಳಿ. ಇಷ್ಟು ಅಡ್ವಾನ್ಸ್ ಇದೆ, ಅದನ್ನು ಇನ್ನು ಮುಂದೆ ನಾನು ಕೊಡಬೇಕು ಅಂತ ಹೊಸಬರ ಸಹಿ, ಅವರಿಗೆ ವರ್ಗಾಯಿಸಿದ್ದೇನೆ ಅಂತ ಹಳಬರ ಸಹಿ, ಕೆಳಗೆ ನಿಮ್ಮದು. ಸಾಮಾನ್ಯವಾಗಿ ಮಾರುವಾಗಲೇ ಅವರಿಬ್ಬರೂ ಅಡ್ವಾನ್ಸ್ ಲೆಕ್ಕ ಮಾಡಿಕೊಂಡಿರುತ್ತಾರೆ. ನಿಮ್ಮ ಮುಂದೆ ಮಾತ್ರ ಆಟ ಆಡುತ್ತಿರುತ್ತಾರೆ.

ಪ್ರಶ್ನೆ: ಮನೆ ಬಿಟ್ಟು ಬಂದೆವು, ಅಡ್ವಾನ್ಸ್ ಕೊಡುವುದಕ್ಕೆ ಮೊದಲು ಗೃಹಜ್ಯೋತಿ ತೆಗೆಸಿ ಅಂತ ಓನರ್ ಹಟ ಹಿಡಿದಿದ್ದಾರೆ. ಇದಕ್ಕೂ ಅಡ್ವಾನ್ಸ್‌ಗೂ ಏನು ಸಂಬಂಧ? – ಹೆಬ್ಬಾಳದಿಂದ

ಉತ್ತರ: ಕಾನೂನಿನ ಸಂಬಂಧ ಇಲ್ಲ, ಆದರೆ ಅವರ ಕಷ್ಟ ನಿಜ. ನಿಮ್ಮ ಆಧಾರ್ ಆ ಮನೆಯ ಕರೆಂಟ್ ಸಂಪರ್ಕದ ಆರ್.ಆರ್. ನಂಬರಿಗೆ ಅಂಟಿಕೊಂಡಿರುವವರೆಗೆ ಮುಂದೆ ಬರುವ ಬಾಡಿಗೆದಾರರು ತಮ್ಮ ಹೆಸರಿನಲ್ಲಿ ಅರ್ಜಿ ಹಾಕಲಾಗುವುದಿಲ್ಲ. ನೀವು ಹೊಸ ಮನೆಯಲ್ಲಿ ಸೌಲಭ್ಯ ಪಡೆಯಬೇಕಾದರೂ ಹಳೆಯದು ಬಿಡಿಸಲೇಬೇಕು. ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಮಾಡುವ ಅವಕಾಶ ಇದೆ, ಕೂತು ಮುಗಿಸಿ.

ಅದಕ್ಕೆ ಕೂತಾಗ ಹಳೆಯ ಬೆಸ್ಕಾಂ ಬಿಲ್‌ಗಳನ್ನೂ ತೆಗೆದು ನೋಡಿ. ಹೆಚ್ಚುವರಿ ಭದ್ರತಾ ಠೇವಣಿ ಅಂತ ಯಾವುದಾದರೂ ತಿಂಗಳು ಸೇರಿಸಿ ಬಂದಿದ್ದು, ನೀವು ಕಟ್ಟಿದ್ದೀರಾ? ಆ ಹಣ ಮನೆಯ ಸಂಪರ್ಕದ ಖಾತೆಯಲ್ಲಿ, ಅಂದರೆ ಓನರ್ ಹೆಸರಿನಲ್ಲಿ ಉಳಿದಿರುತ್ತದೆ. ಅದು ಕರೆಂಟ್ ಸುಟ್ಟದ್ದಕ್ಕೆ ಕೊಟ್ಟ ಹಣ ಅಲ್ಲ, ಠೇವಣಿ. ಸಾವಿರವೋ ಎರಡು ಸಾವಿರವೋ ಇರಬಹುದು. ಗೃಹಜ್ಯೋತಿ ತೆಗೆಸಿದ್ದೇನೆ ಅಂತ ಮೆಸೇಜ್ ಹಾಕುವಾಗಲೇ ಆ ಬಿಲ್ಲಿನ ಫೋಟೋನೂ ಹಾಕಿ, ಇದನ್ನೂ ಅಡ್ವಾನ್ಸ್ ಜೊತೆ ಸೇರಿಸಿ ಕೊಡಿ ಸರ್ ಅನ್ನಿ.